ಎಲೆಕ್ಟ್ರಾನಿಕ್ ಸಿಟಿಗೆ ಕೆಲಸ, ಮೆಟ್ರೊ ಪಕ್ಕದಲ್ಲೇ ಮನೆ ಮಾಡಬೇಕಾ? ಅನುಭವ ಇದ್ದವರು ಹೇಳಿ

ಹಾಸನದ ಹುಡುಗ: ಬರುವ ತಿಂಗಳಿಂದ ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಿದೆ. ಹೆಂಡತಿಯ ಕೆಲಸ ಮೆಜೆಸ್ಟಿಕ್ ಹತ್ತಿರ. 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡ್‌ನಿಂದ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವ ಮೆಟ್ರೊ ಹಳದಿ ಮಾರ್ಗ ಶುರುವಾಯಿತಲ್ಲ, ಹಾಗಾಗಿ ಆರ್.ವಿ. ರೋಡ್ ಸ್ಟೇಷನ್ ಪಕ್ಕ ಒಂದು ಮನೆ ನೋಡಿದೆವು. ಬಾಡಿಗೆ 32 ಸಾವಿರ, ಅಡ್ವಾನ್ಸ್ 2 ಲಕ್ಷ. ಎರಡು ಕಿಲೋಮೀಟರ್ ಒಳಗೆ ಹೋದರೆ ಅಂಥದ್ದೇ ಮನೆ 24ಕ್ಕೆ ಸಿಗುತ್ತದೆ. ಮೆಟ್ರೊ ನಂಬಿ ಎಂಟು ಸಾವಿರ ಜಾಸ್ತಿ ಕೊಡಬಹುದಾ?

ಹುಳಿಮಾವು ಫ್ಲಾಟು: ಬಾಡಿಗೆ ತಾನೇ ಸರ್, ಬೇಡ ಅನ್ನಿಸಿದರೆ ಖಾಲಿ ಮಾಡಬಹುದು. ನಾನು 2017ರಲ್ಲಿ ಕೊಂಡೇಬಿಟ್ಟೆ. ಮೆಟ್ರೊ ಎರಡನೇ ಹಂತಕ್ಕೆ ಕೇಂದ್ರ 2014ರಲ್ಲೇ ಒಪ್ಪಿತ್ತು, ಬಿಲ್ಡರ್ 'ಮೆಟ್ರೊಗೆ ಐದೇ ನಿಮಿಷ' ಅಂತ ಬೋರ್ಡ್ ಹಾಕಿದ್ದ, ಅದಕ್ಕೇ ಚದರಡಿಗೆ 250 ರೂಪಾಯಿ ಜಾಸ್ತಿ ತೆಗೆದುಕೊಂಡ. 62 ಲಕ್ಷದ ಫ್ಲಾಟು, 48 ಲಕ್ಷ ಸಾಲ, ಕಂತು 41,600. ಕಾರ್ ಪಾರ್ಕಿಂಗ್‌ಗೆ 3 ಲಕ್ಷ ಬೇರೆ. ಬಡ್ಡಿ ಏರಿದಾಗ ಬ್ಯಾಂಕಿನವರು ಕಂತು ಅಷ್ಟೇ ಇಟ್ಟು ವರ್ಷ ಎಳೆದರು, ಅದು ನನಗೆ ಗೊತ್ತಾಗಿದ್ದು ಸ್ಟೇಟ್‌ಮೆಂಟ್ ತೆಗೆಸಿದಾಗ. ನಮ್ಮ ಕಡೆಯ ಗುಲಾಬಿ ಮಾರ್ಗ ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ 21 ಕಿ.ಮೀ., ಅದರಲ್ಲಿ 13ಕ್ಕಿಂತ ಜಾಸ್ತಿ ನೆಲದಡಿ. ಅಲ್ಲಿ 'ಭದ್ರಾ' ಯಂತ್ರ ಕೊನೆಯ ಸುರಂಗ ಕೊರೆದು ನಾಗವಾರದಲ್ಲಿ ಹೊರಬಂದಿದ್ದೇ 2024ರ ಅಕ್ಟೋಬರ್‌ನಲ್ಲಿ. ನಮ್ಮ ಬನ್ನೇರುಘಟ್ಟ ರಸ್ತೆಯಲ್ಲಿ ಕಂಬ ಎದ್ದಿದೆ, ಸ್ಟೇಷನ್ ಎದ್ದಿದೆ, 2025ರಲ್ಲೂ ರೈಲು ಮಾತ್ರ ಓಡಿಲ್ಲ. ಧೂಳಿಗೆ ಅಪ್ಪನಿಗೆ ಇನ್‌ಹೇಲರ್ ಬಂತು.

ಮಾದಾವರ ಗೌಡ: ತಾಳ್ಮೆ ಬೇಕು ಸ್ವಾಮಿ. ನಾನು ಚಿಕ್ಕಬಿದರಕಲ್ಲು ಹತ್ತಿರ ಸೈಟು ತೆಗೆದುಕೊಂಡಾಗ ಮನೆಯವರೆಲ್ಲ ನಕ್ಕರು. ನಾಗಸಂದ್ರದಿಂದ ಮಾದಾವರಕ್ಕೆ ಮೂರು ಕಿಲೋಮೀಟರ್ ಚಿಲ್ಲರೆ, ಮೂರೇ ಸ್ಟೇಷನ್, ಅದಕ್ಕೇ ವರ್ಷಗಟ್ಟಲೆ ಆಯಿತು. ಅಷ್ಟೂ ದಿನ ತುಮಕೂರು ರಸ್ತೆಯ ಲಾರಿಗಳ ಮಧ್ಯೆ ಬೈಕಿನಲ್ಲಿ ನಾಗಸಂದ್ರಕ್ಕೆ ಹೋಗಿ, ಪಾರ್ಕಿಂಗ್ ದುಡ್ಡು ಕೊಟ್ಟು ರೈಲು ಹತ್ತುತ್ತಿದ್ದೆ. 2024ರ ನವೆಂಬರ್ 7ಕ್ಕೆ ಶುರುವಾಯಿತು ನೋಡಿ, ಈಗ ನಕ್ಕವರೇ ಸೈಟು ಕೊಡ್ತೀಯಾ ಅಂತ ಫೋನ್ ಮಾಡುತ್ತಾರೆ. ಕೊಡಲ್ಲ.

ಹುಳಿಮಾವು ಫ್ಲಾಟು: ನಿಮ್ಮದು ಸೈಟು ಗೌಡ್ರೇ. ಖಾಲಿ ಬಿದ್ದಿದ್ದರೂ ಕಂತು ಕೇಳಲ್ಲ. ತಾಳ್ಮೆ ಪಾಠ ನನಗೆ ಬೇಡ.

ಸ್ಕೂಟರೇ ಸಾಕು: ಇಬ್ಬರೂ ಲೆಕ್ಕ ಹಾಕಿಲ್ಲ. ದಿನಕ್ಕೆ 40 ಕಿ.ಮೀ. ಓಡಿಸಿದರೂ ನನ್ನ ಗಾಡಿಗೆ ಪೆಟ್ರೋಲ್ 95 ರೂಪಾಯಿ ಒಳಗೆ. 2025ರ ಫೆಬ್ರವರಿಯಲ್ಲಿ ಮೆಟ್ರೊ ಟಿಕೆಟ್ ಹೆಚ್ಚೆಂದರೆ 60 ಇದ್ದಿದ್ದು 90 ಆಯಿತು, ಗಲಾಟೆ ಆದಮೇಲೆ ಅಲ್ಲಲ್ಲಿ ಇಳಿಸಿದರು, ಆ 90 ಮಾತ್ರ ಅಲುಗಲಿಲ್ಲ. ಸ್ಟೇಷನ್‌ಗೆ ಆಟೊ ಅಂದರೆ ಮಿನಿಮಮ್ 36, ಅದೂ ಮೀಟರ್ ಹಾಕಿದರೆ. ಎರಡೂ ಕಡೆ ಆಟೊ ಹಿಡಿದರೆ ಟಿಕೆಟ್ ತೆಗೆಯುವ ಮೊದಲೇ 72 ಹೋಯಿತು.

ಕೆಂಗೇರಿ ಅಕ್ಕ: ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತ ಟೈಮಿಗೆ ಬೆಲೆ ಇಲ್ವಾ? ನಮ್ಮ ಯಜಮಾನರೂ ಹೀಗೇ ಪೆಟ್ರೋಲ್ ಲೆಕ್ಕ ಹೇಳುತ್ತಿದ್ದರು. ಆಮೇಲೆ ಸೊಂಟ ಹಿಡಿಯಿತು. ಫಿಸಿಯೊಥೆರಪಿ ಒಂದು ಸಲಕ್ಕೆ 600, ಸ್ಕ್ಯಾನ್ 7,500, ಬೆಲ್ಟ್ 1,200. ಆ ಬೆಲ್ಟ್ ಕಟ್ಟಿಕೊಂಡೂ ಗಾಡಿ ಬಿಡಲಿಲ್ಲ, ಕೊನೆಗೆ ನಾನೇ ಮಾರಿಸಿದೆ. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದ ಮೇಲೆ ನಾವು ಬದುಕಿದೆವು.

ಸ್ಕೂಟರೇ ಸಾಕು: ನಿಮಗೇನು ಮೇಡಂ, ಬಸ್ಸು ಫ್ರೀ. ಮೆಟ್ರೊ ತುಂಬಿದರೆ ಬಸ್ ಹತ್ತುತ್ತೀರ.

ಕೆಂಗೇರಿ ಅಕ್ಕ: ಮೈಸೂರು ರಸ್ತೆಯಲ್ಲಿ ಆರು ಗಂಟೆಗೆ ಬಸ್ ಹತ್ತಿ ತೋರಿಸಿ, ಆಮೇಲೆ ಫ್ರೀ ಬಗ್ಗೆ ಮಾತಾಡಿ. ನಾನು ಮೆಟ್ರೊ ಕಾರ್ಡಿಗೆ ನನ್ನ ಸಂಬಳದ ದುಡ್ಡೇ ಹಾಕುವುದು.

ದೆಹಲಿ ಕನ್ನಡಿಗ: ದರದ ವಿಷಯದಲ್ಲಿ ಸ್ಕೂಟರ್‌ನವರು ಹೇಳಿದ್ದು ಸರಿ. ಇಲ್ಲಿ ದೆಹಲಿಯಲ್ಲಿ 2025ರ ಆಗಸ್ಟ್‌ನಲ್ಲಿ ಏರಿಸಿದ ಮೇಲೂ ಹೆಚ್ಚೆಂದರೆ 64. ಬೆಂಗಳೂರಿಗಿಂತ ಎಷ್ಟೋ ದೊಡ್ಡ ಜಾಲ, ಊರಾಚೆ ನೋಯ್ಡಾ, ಗುರುಗ್ರಾಮಕ್ಕೂ ಹೋಗುತ್ತದೆ.

ಮಾದಾವರ ಗೌಡ: ಬಂದರಪ್ಪ! ಅಲ್ಲಿ 2002ರಲ್ಲೇ ರೈಲು ಓಡಿತು, ನಮಗೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್‌ಗೆ ಬಂದಿದ್ದೇ 2011ರಲ್ಲಿ. ಒಂಬತ್ತು ವರ್ಷ ಮುಂದಿದ್ದವರ ಜೊತೆ ಏನು ಹೋಲಿಕೆ?

ದೆಹಲಿ ಕನ್ನಡಿಗ: ನಾನು ಹೇಳಿದ್ದು ದರ. ನೀವು ವರ್ಷ ಎಣಿಸುತ್ತಿದ್ದೀರಿ.

ಬೊಮ್ಮಸಂದ್ರ ಶಿಫ್ಟ್: ಹಾಸನದ ಅಣ್ಣ, ದಿನಾ ಹಳದಿ ಮಾರ್ಗದಲ್ಲೇ ಹೋಗುವವನು ನಾನು. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಶಿಫ್ಟ್‌ಗೆ ಲೇಟು, ಅರ್ಧ ದಿನದ ಸಂಬಳ ಕಟ್. ನನಗೆ 480 ರೂಪಾಯಿ ಹಾಗೆ ಹೋಗಿದೆ. ಹೊಸ ರೈಲು ಬಂದ ಹಾಗೆ ಪರವಾಗಿಲ್ಲ ಅನ್ನಿಸಿತು. ಆರ್.ವಿ. ರೋಡ್‌ನಲ್ಲೇ ಹಸಿರು ಮಾರ್ಗ ಸಿಗುವುದರಿಂದ ಅತ್ತಿಗೆಗೆ ನೇರ ಮೆಜೆಸ್ಟಿಕ್, ಬದಲಾಯಿಸುವ ಗೋಜಿಲ್ಲ. ಆದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದು ಆಫೀಸ್ ಗೇಟಿಗೆ ಹೇಗೆ ಹೋಗ್ತೀರ ಅನ್ನುವುದನ್ನ ಮೊದಲು ನೋಡಿ, ನಮ್ಮ ಕಂಪನಿಯವರು ವ್ಯಾನ್ ಬಿಡ್ತೀವಿ ಅಂದವರು ಇನ್ನೂ ಬಿಟ್ಟಿಲ್ಲ.

ಸ್ಕೂಟರೇ ಸಾಕು: ನೋಡಿದ್ರಾ? ಅಲ್ಲೂ ಆಟೊಗೆ 36.

ಬೊಮ್ಮಸಂದ್ರ ಶಿಫ್ಟ್: ನಾನು ನಡೆದು ಹೋಗ್ತೀನಿ ಗುರು, ನಿನ್ನ ಹಾಗೆ ಕಾಲು ಸೀಟಿಗೆ ಅಂಟಿಲ್ಲ.

ಹುಳಿಮಾವು ಫ್ಲಾಟು: ಇರಲಿ, ನಿಮಗೆ ಲೇಟಾಗುವುದಕ್ಕಾದರೂ ಒಂದು ರೈಲು ಇದೆ.