ದ್ವಿದಳ ಬೆಳೆಗೆ ಲಘು ಪೋಷಕಾಂಶಗಳ (ಗಿಡಕ್ಕೆ ತೀರಾ ಕಡಿಮೆ ಪ್ರಮಾಣದಲ್ಲಿ ಬೇಕಾದವುಗಳ) ಬೀಜೋಪಚಾರ: ಅದರ ಫಲ ಇಳುವರಿಯವರೆಗೂ ಉಳಿಯುತ್ತದೆಯೇ? (ಚರ್ಚೆ; ಪ್ರತಿ ಮಾತಿನ ಮೊದಲಿಗಿರುವುದು ಬರೆದವರ ಅಡ್ಡಹೆಸರು)

ಹೊಲದಂಚು: ಜಿಂಕ್ ಸಲ್ಫೇಟ್ ಲೇಪಿಸಿ ಬಿತ್ತಿದ ಕಡಲೆ ಸಾಲುಗಳು ಮೂರನೆಯ ವಾರದಲ್ಲಿ ಕಣ್ಣಿಗೆ ಹೊಡೆಯುವಷ್ಟು ಹುಲುಸಾಗಿದ್ದವು. ಆದರೆ ಒಕ್ಕಣೆಯಲ್ಲಿ ತೂಗಿದಾಗ ಉಪಚರಿಸದ ಸಾಲುಗಳಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚೇನೂ ಸಿಗಲಿಲ್ಲ. ಬೀಜೋಪಚಾರದ ಫಲ ಸಸಿಯ ಹಂತಕ್ಕೇ ಮುಗಿಯುತ್ತದೆಯೇ?

ಮಣ್ಣಿನ ಲೆಕ್ಕ: ಮೊದಲು ತೂಕ ನೋಡೋಣ. ಹೆಕ್ಟೇರಿಗೆ 60 ಕಿಲೋ ಬೀಜ, ಕಿಲೋಗೆ 4 ಗ್ರಾಂ ಜಿಂಕ್ ಸಲ್ಫೇಟ್ ಎಂದರೆ 240 ಗ್ರಾಂ. ಅದರಲ್ಲಿ ಸತುವಿನ (ಜಿಂಕ್) ಪಾಲು ಸುಮಾರು 50 ಗ್ರಾಂ. ಎರಡು ಟನ್ ಕಡಲೆಕಾಳು 60ರಿಂದ 80 ಗ್ರಾಂ ಸತುವನ್ನು ಹೊತ್ತೊಯ್ಯುತ್ತದೆ, ಎಲೆ ಕಾಂಡಗಳದ್ದು ಬೇರೆ. ಮಣ್ಣಿನಲ್ಲಿ ಸತು ಸಾಕಷ್ಟಿದ್ದರೆ ಲೇಪನದಿಂದ ಇಳುವರಿ ಏರುವುದಿಲ್ಲ; ತೀರಾ ಕಡಿಮೆಯಿದ್ದರೆ ಬೀಜಕ್ಕೆ ಅಂಟಿದಷ್ಟೇ ಸತು ಕೊನೆಯವರೆಗೆ ಸಾಲುವುದಿಲ್ಲ. ಹೀಗಾಗಿ ಮಣ್ಣು ಪರೀಕ್ಷೆಯಿಲ್ಲದೆ ಲೇಪಿಸುವುದನ್ನು ನಾನು ಒಪ್ಪುವುದಿಲ್ಲ.

ಬೇರುಗಂಟು: ಸತುವಿನ ಮಟ್ಟಿಗೆ ಒಪ್ಪುತ್ತೇನೆ, ಆದರೆ ಅದೇ ತೀರ್ಪನ್ನು ಇನ್ನೊಂದು ಲಘು ಪೋಷಕಾಂಶವಾದ ಮಾಲಿಬ್ಡಿನಂಗೂ ಕೊಡಬಾರದು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವ ನೈಟ್ರೋಜಿನೇಸ್ ಕಿಣ್ವದ ತಿರುಳಿನಲ್ಲೇ ಈ ಧಾತು ಇದೆ. ಬೆಳೆಗೆ ಬೇಕಾದದ್ದು ಹೆಕ್ಟೇರಿಗೆ ಕೆಲವೇ ಗ್ರಾಂ ಆದ್ದರಿಂದ ಇಡೀ ಅಗತ್ಯವನ್ನು ಬೀಜದ ಮೇಲೆಯೇ ಕೊಟ್ಟು ಮುಗಿಸಬಹುದು. ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಮಾಲಿಬ್ಡೇಟನ್ನು (ಮಣ್ಣಿನಲ್ಲಿ ಮಾಲಿಬ್ಡಿನಂ ಇರುವ ರೂಪ) ಹಿಡಿದುಕೊಂಡು ಬಿಡದಿರುವುದರಿಂದ, ಅಲ್ಲಿ ಈ ಉಪಚಾರದ ಫಲ ಕಾಳಿನ ತೂಕದಲ್ಲೇ ಕಾಣುತ್ತದೆ. ಸುಣ್ಣ ಹಾಕಿ ಹುಳಿ ತಗ್ಗಿಸಿದ ಹೊಲದಲ್ಲಿ ಮಾತ್ರ ಅದರ ಅಗತ್ಯ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಬಿತ್ತನೆಗಾರ: ಹಾಗಿದ್ದರೆ ಸತು, ಬೋರಾನ್, ಮಾಲಿಬ್ಡಿನಂ ಮೂರನ್ನೂ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟುವ ಜೀವಾಣು) ಜೊತೆ ಒಂದೇ ಅಂಟಿನಲ್ಲಿ ಕಲಸಿದರೆ ಕೆಲಸ ಸುಲಭವಲ್ಲವೇ?

ಬೇರುಗಂಟು: ದಯವಿಟ್ಟು ಹಾಗೆ ಮಾಡಬೇಡಿ. ಗಾಢವಾದ ಲವಣದ ನಡುವೆ ಜೀವಾಣುಗಳು ಸಾಯುತ್ತವೆ. ಸೋಡಿಯಂ ಮಾಲಿಬ್ಡೇಟ್ ವಿಷಯದಲ್ಲಿ ಈ ಅಪಾಯ ಹೆಚ್ಚು, ಅಮೋನಿಯಂ ಮಾಲಿಬ್ಡೇಟ್ ಅಷ್ಟು ಕಠಿಣವಲ್ಲ. ಲವಣದ ಲೇಪನ ನೆರಳಿನಲ್ಲಿ ಒಣಗಿದ ಮೇಲೆ, ಬಿತ್ತುವ ಮುನ್ನ ಕೊನೆಯದಾಗಿ ರೈಜೋಬಿಯಂ ಹಚ್ಚಿ, ತಡಮಾಡದೆ ಬಿತ್ತಬೇಕು.

ಮಣ್ಣಿನ ಲೆಕ್ಕ: ಬೋರಾನಿನಲ್ಲಿ ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು, ಬೀಜಕ್ಕೆ ಸ್ವಲ್ಪ ಹೆಚ್ಚಾದರೂ ಮೊಳಕೆ ಕುಂಠಿತವಾಗುತ್ತದೆ. ಪರಾಗನಳಿಕೆ ಬೆಳೆಯಲು ಅದು ಬೇಕಾಗುವುದು ಹೂವಿನ ಹೊತ್ತಿನಲ್ಲಿ, ಆದರೆ ದ್ವಿದಳ ಗಿಡಗಳು ಹಳೆಯ ಎಲೆಯ ಬೋರಾನನ್ನು ಹೂವಿಗೆ ಸಾಗಿಸಲಾರವು. ಮೊಗ್ಗಿನ ಹಂತದ ಸಿಂಪರಣೆಯೇ ಅದಕ್ಕೆ ಸರಿ.

ಬಿತ್ತನೆಗಾರ: ತಿದ್ದಿದ್ದಕ್ಕೆ ಧನ್ಯವಾದ. ಆದರೂ ಸಸಿಯ ಹುಲುಸನ್ನು ಹಗುರವಾಗಿ ಕಾಣಬಾರದು ಎಂದೇ ನನ್ನ ವಾದ. ಮಣ್ಣಿನಲ್ಲಿ ಉಳಿದ ತೇವದ ಮೇಲೇ ಬೆಳೆಯುವ ಕಡಲೆಯಲ್ಲಿ ಬೇರು ಬೇಗ ಆಳಕ್ಕಿಳಿದರೆ, ಮೇಲ್ಪದರ ಒಣಗಿದ ಮೇಲೂ ಗಿಡಕ್ಕೆ ನೀರು ಸಿಗುತ್ತದೆ. ತೇವ ಧಾರಾಳವಾಗಿದ್ದ ವರ್ಷ ಆ ಲಾಭ ತಕ್ಕಡಿಗೆ ಬರುವುದಿಲ್ಲ.

ಹೊಲದಂಚು: ನನ್ನ ಹೊಲದಲ್ಲಿ ಆ ಸಲ ತೇವ ಕೊನೆಯವರೆಗೂ ಇತ್ತು, ಮಣ್ಣು ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಈ ಬಾರಿ ಮಾಲಿಬ್ಡಿನಂ ಕೊಟ್ಟ ಸಾಲು, ಕೊಡದ ಸಾಲು ಎರಡರಿಂದಲೂ ಹೂ ಬಿಡುವಾಗ ಹತ್ತು ಹತ್ತು ಗಿಡ ಅಗೆದು, ಗಂಟುಗಳನ್ನು ಉಗುರಿನಿಂದ ಸೀಳಿ, ಒಳಗೆ ನಸುಗೆಂಪಾಗಿದ್ದು ಕೆಲಸ ಮಾಡುತ್ತಿರುವವು ಎಷ್ಟು, ಬಿಳಿಚಿಕೊಂಡು ಸುಮ್ಮನಿರುವವು ಎಷ್ಟು ಎಂದು ಎಣಿಸಿ ಇಲ್ಲೇ ಬರೆಯುತ್ತೇನೆ.