ದಪ್ಪ ಆದರೂ ಅಗಲ ಅಷ್ಟೇ

ವಾಸು ಲ್ಯಾಪ್‌ಟಾಪ್ ಮುಚ್ಚಳ ತೆರೆದದ್ದೇ ತಡ, ನಂಜುಂಡ ಇಣುಕಿ ನೋಡಿ, "ಏನೋ ಇದು, ಪರದೆ ತುಂಬ ಯಾರೋ ಬೈತಾ ಇದ್ದಂಗಿದೆ!" ಅಂದ.

ಹಾಗೇ ಇತ್ತು. ವಾಸು ಬರೆಯುತ್ತಿದ್ದ ಪ್ರೋಗ್ರಾಮು, ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಮೊದಲ ಸಾಲಿನಿಂದ ಕೊನೆಯವರೆಗೂ ಬೋಲ್ಡ್.

"ಸೋರ್ಸ್ ಕೋಡ್ ಪ್ರೊ ಬೋಲ್ಡ್ ಕಣೋ. ಅಡೋಬಿಯವರು 2012ರಲ್ಲಿ ಬಿಟ್ಟಿದ್ದು, ಪಾಲ್ ಹಂಟ್ ಮಾಡಿದ ಫಾಂಟು. ಪುಕ್ಕಟೆ."

"ಪುಕ್ಕಟೆ ಅಂತ ಮೈಗೆಲ್ಲ ಬಳ್ಕೊಂಡಿದೀಯಾ? ಕಪ್ಪಿನ ಮೇಲೆ ಬಿಳಿ ಅಕ್ಷರ ಮೊದಲೇ ಇರೋದಕ್ಕಿಂತ ದಪ್ಪ ಕಾಣುತ್ತೆ, ಅದಕ್ಕೆ ಬೋಲ್ಡ್ ಬೇರೆ. ಎಲ್ಲಾ ಸಾಲೂ ಕೂಗಾಡ್ತಿದ್ರೆ ಎರರ್ ಬಂದ ಸಾಲು ಏನ್ಮಾಡ್ಬೇಕು, ಅಳ್ಬೇಕಾ?"

ನಂಜುಂಡ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಕಾಲದಿಂದ ಡಿಟಿಪಿ ಅಂಗಡಿ ಇಟ್ಟವನು. ಲಗ್ನಪತ್ರಿಕೆಯ ಅಕ್ಷರಕ್ಕೆ ಒಂದು ಬಳ್ಳಿಯಾದರೂ ಹಬ್ಬಿಸದಿದ್ದರೆ ಅವನಿಗೆ ಊಟ ಸೇರುವುದಿಲ್ಲ.

ಬ್ಯಾಂಕಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದ ರಾಯರು ಕನ್ನಡಕ ಏರಿಸಿದರು. "ಇದೇನಪ್ಪ, ಅಕ್ಷರ ಎಲ್ಲ ನಮ್ಮ ಮಷೀನಲ್ಲಿ ಹೊಡೆದ ಹಾಗೆ ಒಂದರ ಕೆಳಗೊಂದು ನಿಂತಿವೆ? ಪೈಕಾ ಅಳತೆ ಅಂದ್ರೆ ಇಂಚಿಗೆ 10 ಅಕ್ಷರ, ಎಲೈಟ್ ಅಂದ್ರೆ 12. ಐ ಆದ್ರೂ ಅಷ್ಟೇ, ಡಬ್ಲ್ಯು ಆದ್ರೂ ಅಷ್ಟೇ."

"ಇಲ್ಲೂ ಅದೇ ರಾಯರೇ, ಪ್ರತಿ ಅಕ್ಷರಕ್ಕೂ ಫಾಂಟಿನ ಅಳತೇಲಿ 600 ಯೂನಿಟ್ ಅಗಲ. ಬೋಲ್ಡ್ ಮಾಡಿದ್ರೂ 600."

"ಅದ್ಹೆಂಗೋ?" ನಂಜುಂಡನಿಗೆ ಸಮಾಧಾನವಾಗಲಿಲ್ಲ. "ನಮ್ಮ ಫಾಂಟುಗಳು ದಪ್ಪ ಆದ್ರೆ ಸಾಲು ಉದ್ದ ಆಗುತ್ತೆ, ಕೊನೇ ಪದ ಕೆಳಗೆ ಬೀಳುತ್ತೆ. ಇದರ ಕೊಬ್ಬು ಎಲ್ಲಿಗೆ ಹೋಗುತ್ತೆ?"

"ಒಳಕ್ಕೆ," ಅಂದೆ ನಾನು. "ಕೆಂಪು ಬಸ್ಸಲ್ಲಿ ಮೂವರ ಸೀಟಿಗೆ ಮೂರನೆಯವನು ಕೂತಂಗೆ. ಟಿಕೆಟ್ ಒಂದೇ, ಜಾಗ ಒಂದೇ. ಹೊಟ್ಟೆ ಒಳಗೆಳ್ಕೊಂಡು ಕೂರ್ಬೇಕು."

ವಾಸು ಸಣ್ಣ ಎಂ ಅಕ್ಷರವನ್ನು ಪರದೆ ತುಂಬುವಷ್ಟು ಹಿಗ್ಗಿಸಿದ. ಪಕ್ಕದ ಎನ್‌ನ ಎರಡು ಕಾಲು ಕಂಬದ ಹಾಗಿದ್ದರೆ, ಎಂನ ಮೂರೂ ಕಾಲು ಸಣಕಲು. ಎನ್‌ನಷ್ಟೇ ದಪ್ಪ ಇಟ್ಟಿದ್ದರೆ ನಡುವಿನ ಬಿಳಿ ಸಂದು ಮುಚ್ಚಿ ಮಸಿ ಚೆಲ್ಲಿದಂತಾಗುತ್ತಿತ್ತು. ಕೆಲವು ಫಾಂಟಿನವರು ನಡುಗಾಲನ್ನೇ ಮೊಟಕು ಮಾಡುತ್ತಾರಂತೆ. ದಪ್ಪ ಅಂತ ಹೆಸರು ಹೊತ್ತ ಅಕ್ಷರವನ್ನು ಯಾರಿಗೂ ತಿಳಿಯದ ಹಾಗೆ ತೆಳ್ಳಗೆ ಮಾಡುವುದು ಸಣ್ಣ ಕಸುಬಲ್ಲ, ನನಗಂತೂ ಆ ಎಂ ಮೇಲೆ ಗೌರವ ಬಂತು.

"ಇದನ್ನ ಸ್ಯಾನ್ಸ್ ಸೆರಿಫ್, ಅಂದ್ರೆ ತುದಿಗೆ ಪಟ್ಟಿ ಇಲ್ಲದ ಫಾಂಟು ಅಂತಾರೆ, ಮತ್ತೆ ಈ ದೊಡ್ಡ ಐಗೆ ತಲೆಗೊಂದು, ಪಾದಕ್ಕೊಂದು ಅಡ್ಡಪಟ್ಟಿ ಯಾಕೆ?" ನಂಜುಂಡ ಸಿಕ್ಕಿಬಿದ್ದ ಕಳ್ಳನನ್ನು ಹಿಡಿದವನಂತೆ ಕೇಳಿದ.

"ಬರೀ ಗೆರೆ ಎಳೆದು ಬಿಟ್ರೆ ಎರಡೂ ಕಡೆ ಖಾಲಿ ಹೊಡೆಯುತ್ತೆ. ಅಲ್ದೆ ಅಂಕಿ ಒಂದು ಯಾವುದು, ಎಲ್ ಯಾವುದು, ಐ ಯಾವುದು ಅಂತ ಗೊತ್ತಾಗ್ಬೇಕಲ್ಲ. ಸೊನ್ನೆ ನೋಡು, ಹೊಟ್ಟೇಲಿ ಚುಕ್ಕಿ. ಕನ್ಸೋಲಾಸ್ ಫಾಂಟ್‌ನಲ್ಲಾದ್ರೆ ಓರೆಗೆರೆ."

"ಅಯ್ಯೋ, ಆ ಸೊನ್ನೆ ಕಾಟ ನನ್ನ ಕೇಳು," ಅಂದರು ರಾಯರು. "ಐಎಫ್‌ಎಸ್‌ಸಿ ಕೋಡಿನ 11 ಅಕ್ಷರದಲ್ಲಿ ಐದನೆಯದು ಯಾವತ್ತೂ ಸೊನ್ನೆ. ಜನ ಯಾವತ್ತೂ ಓ ಬರೀತಾರೆ. ಅಂಥ ಕಡೆ ಹಾಕ್ರೋ ಈ ಫಾಂಟು, ಬೋಲ್ಡಾಗೇ ಹಾಕಿ."

"ಪಾಸ್‌ಪೋರ್ಟಿನ ಕೆಳಗಡೆ ಎರಡು ಸಾಲು ಇರುತ್ತಲ್ಲ ರಾಯರೇ, ಒಂದೊಂದರಲ್ಲಿ 44 ಅಕ್ಷರ, ಅದೂ ಇದೇ ಜಾತಿ. ಓಸಿಆರ್-ಬಿ ಅಂತ. ಏಡ್ರಿಯನ್ ಫ್ರುಟಿಗರ್ ಮಾಡಿದ್ದು, 1968ರಲ್ಲಿ. ಮಷೀನಿಗೂ ಮನುಷ್ಯನಿಗೂ ಎರಡಕ್ಕೂ ಓದೋಕೆ ಬರ್ಬೇಕು ಅಂತ."

"ನಮ್ಮ ಕಾಲದಲ್ಲಿ ಬೋಲ್ಡ್ ಅನ್ನೋ ಕೀಲಿ ಇರ್ಲಿಲ್ಲಪ್ಪ. ಅಕ್ಷರ ಹೊಡಿ, ಬ್ಯಾಕ್‌ಸ್ಪೇಸ್ ಹೊಡಿ, ಅದರ ಮೇಲೇ ಇನ್ನೊಂದ್ಸಲ ಹೊಡಿ. ಮ್ಯಾನೇಜರ್ ಮೇಲೆ ಸಿಟ್ಟಿದ್ದ ದಿನ ತಲೆಬರಹ ಬಹಳ ಚೆನ್ನಾಗಿ ಬರ್ತಿತ್ತು."

ವಾಸು ಕುಣಿದಾಡಿಬಿಟ್ಟ. "ಯುನಿಕ್ಸ್ ಅನ್ನೋ ಕಂಪ್ಯೂಟರ್ ಸಿಸ್ಟಮ್‌ನಲ್ಲೂ ಥೇಟ್ ಹಾಗೇ! ಅಕ್ಷರ, ಬ್ಯಾಕ್‌ಸ್ಪೇಸ್, ಮತ್ತೆ ಅದೇ ಅಕ್ಷರ. ಬೋಲ್ಡ್ ಅಂತ ತಿಳ್ಕೊಳ್ಳೋದು!"

"ಸರಿ ಕಣಪ್ಪ, ಕನ್ನಡದಲ್ಲಿ ಮಾಡು ನೋಡಣ," ಎಂದು ನಂಜುಂಡ ತೊಡೆ ತಟ್ಟಿದ. "'ರ'ಗೂ 600, 'ಸ್ತ್ರೀ'ಗೂ 600. ಕೊಡು."

ವಾಸು ಕಂಪ್ಯೂಟರಿಗೆ ಆಜ್ಞೆ ಕುಟ್ಟುವ ಕಿಟಕಿ, ಟರ್ಮಿನಲ್, ತೆರೆದು 'ಸ್ತ್ರೀ' ಕುಟ್ಟಿದ. ಸೋರ್ಸ್ ಕೋಡ್ ಪ್ರೊದಲ್ಲಿ ಕನ್ನಡ ಇಲ್ಲದ್ದರಿಂದ ಯಾವುದೋ ಬೇರೆ ಫಾಂಟು ಓಡಿಬಂದು ಕೂತಿತು. ದೀರ್ಘ ಪಕ್ಕದ ಮನೆಗೆ ನುಗ್ಗಿತು, ಒತ್ತುಗಳು ಕೆಳಗಿನ ಸಾಲಿನ ತಲೆಗೆ ಕಾಲು ಚಾಚಿದವು, ಅಲ್ಲಿಂದ ಮುಂದೆ ಒಂದು ಕಂಬವೂ ನೆಟ್ಟಗಿರಲಿಲ್ಲ.

"ರಾಷ್ಟ್ರ ಹೊಡಿ, ರಾಷ್ಟ್ರ ಹೊಡಿ," ನಂಜುಂಡನಿಗೆ ಹಬ್ಬ.

ರಾಯರು ಚೀಲದಿಂದ ಗಣೇಶನ ಚಂದಾ ಪಟ್ಟಿ ತೆಗೆದರು. "ಜಗಳ ಸಾಕು. ಹೆಸರು ನಂಜುಂಡನ ಬಳ್ಳಿ ಅಕ್ಷರದಲ್ಲಿ, ಮೊತ್ತ ವಾಸುವಿನ ಫಾಂಟಲ್ಲಿ. ಅಂಕಿ ಕೆಳಗೆ ಅಂಕಿ ಬರ್ಬೇಕು."

ವಾಸು ಅಲ್ಲೇ ಜೋಡಿಸಿದ. ರಾಯರ 5001, ಅದರ ಕೆಳಗೆ ನನ್ನ 1001, ವಾಸುವಿನ 2001. ನಾಲ್ಕನೇ ಸಾಲು ಬಂದಾಗ ಎಡಗಡೆ ಒಂದು ಅಂಕಿಯಷ್ಟು ಜಾಗ ಖಾಲಿ, ಆಮೇಲೆ 101. ದೂರದಿಂದಲೂ ಎದ್ದು ಕಾಣುತ್ತಿತ್ತು.

ನಂಜುಂಡ ಗಂಟಲು ಸರಿಮಾಡಿಕೊಂಡ. "ಅಲ್ಲಾ, ಈ ಒಂದು ಸಾಲನ್ನ ಬೋಲ್ಡ್ ಮಾಡಿದ್ರೆ ಸ್ವಲ್ಪ ತೂಕ ಬರುತ್ತೇನೋ."

"ಮಾಡ್ಸಪ್ಪ," ಅಂದರು ರಾಯರು, "ಅಗಲ ಮಾತ್ರ ಅಷ್ಟೇ ಇರುತ್ತೆ."