ಮೆಹಂದಿ ಮಧ್ಯೆ ಆಂಪ್ ಬಂದ್ ಆಗುತ್ತದೆ, ಒಂದು ಹಾರ್ನ್ ಸತ್ತಿದೆ. ದೊಡ್ಡ ಆಂಪ್ ಬೇಕಾ?

ಕೇಳಿದವರು, ಕಾಪು

ಎಲ್ಲರಿಗೂ ನಮಸ್ಕಾರ. ಡಿಜೆ ಶುರು ಮಾಡಿ ಆರು ತಿಂಗಳಾಯಿತು. ಸದ್ಯ ಊರಿನ ಮೆಹಂದಿ, ಬರ್ತ್‌ಡೇ ಅಷ್ಟೇ. ಸೆಟ್ ಎಲ್ಲ ಸೆಕೆಂಡ್ ಹ್ಯಾಂಡ್.

ಆಂಪ್ (ಆಂಪ್ಲಿಫೈಯರ್) ಹಿಂದೆ ಬರೆದದ್ದು: ಪ್ರತಿ ಚಾನಲ್‌ಗೆ 8 ಓಮ್‌ನಲ್ಲಿ 400 ವ್ಯಾಟ್, 4 ಓಮ್‌ನಲ್ಲಿ 650, ಬ್ರಿಡ್ಜ್ 8 ಓಮ್‌ನಲ್ಲಿ 1300. 15 ಇಂಚಿನ ಟಾಪ್ ಬಾಕ್ಸ್ (ಸ್ಪೀಕರ್) ಎರಡು ಉಂಟು, ಎತ್ತರದ ಸ್ವರಕ್ಕೆ ಒಳಗೆ ಒಂದೊಂದು ಹಾರ್ನ್. ಅದರ ಸ್ಟಿಕ್ಕರ್‌ನಲ್ಲಿ 8 ಓಮ್, 300/600/1200 ವ್ಯಾಟ್ ಅಂತ ಇದೆ.

ಬಾಕ್ಸ್ 1200 ವ್ಯಾಟಿನದು, ಅದಕ್ಕೆ 400 ಸಾಲದು ಅಂತ ಒಬ್ಬರು ಹೇಳಿದರು. ಹಾಗಾಗಿ ಆಂಪ್‌ನ ಸ್ವಿಚ್ಚನ್ನು ಬ್ರಿಡ್ಜ್‌ಗೆ (ಎರಡು ಚಾನಲ್ ಸೇರಿ ಒಂದಾಗುವಂತೆ) ಹಾಕಿ, ಒಂದು ಬಾಕ್ಸ್‌ನಿಂದ ಇನ್ನೊಂದಕ್ಕೆ ಲಿಂಕ್ ಮಾಡಿದೆ. ಕಳೆದ ಶನಿವಾರ ಅಂಗಳದಲ್ಲಿ ಮೆಹಂದಿ. ಇಪ್ಪತ್ತು ನಿಮಿಷ ಚೆನ್ನಾಗಿತ್ತು. ಜನ ಕುಣಿಯಲು ಎದ್ದ ಹೊತ್ತಿಗೇ ಪ್ರೊಟೆಕ್ಟ್ ಲೈಟ್ ಬಂದು ಸೌಂಡ್ ಬಂದ್. ಮೂರ್ನಾಲ್ಕು ನಿಮಿಷ ಬಿಟ್ಟು ತಾನೇ ಬಂತು. ಹೀಗೆ ನಾಲ್ಕು ಸಲ. ಕೊನೆಗೆ ಎಡಗಡೆ ಬಾಕ್ಸ್‌ನಲ್ಲಿ ಬರೀ ಗುಂ ಗುಂ, ಹಾಡಿನ ಮಾತೇ ಇಲ್ಲ. ಮದುಮಗಳ ಅಪ್ಪ ಬಂದು ಕೇಳಿದಾಗ ಎಂತ ಹೇಳಬೇಕೆಂದೇ ಗೊತ್ತಾಗಲಿಲ್ಲ.

ಮುಂದಿನ ತಿಂಗಳು ಇನ್ನೊಂದು ಮೆಹಂದಿ ಒಪ್ಪಿಕೊಂಡಿದ್ದೇನೆ. ದೊಡ್ಡ ಆಂಪ್ ತೆಗೆದುಕೊಳ್ಳಲಾ?

ಸುರತ್ಕಲ್‌ನಿಂದ

ದೊಡ್ಡದೇ ತಗೊಳ್ಳಿ. ಚಿಕ್ಕ ಆಂಪನ್ನು ಎಳೆದು ಎಳೆದು ಓಡಿಸಿದರೆ ಹಾರ್ನ್ ಸುಡುತ್ತದೆ. ನನ್ನದೂ ಹಾಗೇ ಹೋದದ್ದು.

ಉಡುಪಿಯಿಂದ

ಸ್ವಲ್ಪ ನಿಲ್ಲಿ ಮಾರಾಯ್ರೆ, ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಆಂಪ್ ಮತ್ತು ಬಾಕ್ಸ್ ಒಳ್ಳೆಯ ಜೋಡಿಯೇ. ಕಟ್ಟಿದ ರೀತಿ ತಪ್ಪಿದೆ.

ಮೊದಲು ಓಮ್ ನೋಡಿ, ವ್ಯಾಟ್ ಆಮೇಲೆ. ಓಮ್ ಕಡಿಮೆ ಆದಷ್ಟೂ ಬಾಕ್ಸ್ ಆಂಪ್‌ನಿಂದ ಜಾಸ್ತಿ ಕರೆಂಟ್ ಎಳೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಲಿಂಕ್ ಮಾಡಿದರೆ ಅದು ಪ್ಯಾರಲಲ್, 8 ಓಮ್‌ನ ಎರಡು ಬಾಕ್ಸ್ ಸೇರಿ 4 ಓಮ್ ಆಗುತ್ತದೆ. ಬ್ರಿಡ್ಜ್‌ನಲ್ಲಿ ಎರಡೂ ಚಾನಲ್ ಸೇರಿ ಒಂದೇ ಲೋಡನ್ನು ಓಡಿಸುತ್ತವೆ. ಆಗ ಒಂದೊಂದು ಚಾನಲ್‌ಗೆ ಕಾಣುವುದು ಆ ಲೋಡಿನ ಅರ್ಧ. ಅಂದರೆ ನಿಮ್ಮ ಆಂಪ್ ಆ ರಾತ್ರಿ ಪ್ರತಿ ಚಾನಲ್‌ಗೆ 2 ಓಮ್ ಹೊತ್ತಿತ್ತು. ಹಿಂದೆ ಬ್ರಿಡ್ಜ್‌ಗೆ 8 ಓಮ್ ಮಾತ್ರ ಬರೆದಿದೆ, 4 ಬರೆದಿಲ್ಲ ಅಲ್ವಾ? ಬರೆದಿಲ್ಲ ಎಂದರೆ ಹಾಕಬಾರದು ಎಂದೇ ಅರ್ಥ. ಅದು ಬಿಸಿಯಾಗಿ ನಿಂತು ತನ್ನನ್ನು ತಾನು ಉಳಿಸಿಕೊಂಡಿದೆ.

ಇನ್ನು ಸ್ಟಿಕ್ಕರ್. ಬಾಕ್ಸ್ ಸತತವಾಗಿ ತಾಳುವುದು 300. 600 ಪ್ರೋಗ್ರಾಮ್ ಲೆಕ್ಕ, ಅಂದರೆ ಏರಿಳಿಯುವ ಹಾಡಿಗೆ. 1200 ಪೀಕ್, ಕಣ್ಣು ಮಿಟುಕಿಸುವಷ್ಟು ಹೊತ್ತಿನದು. 300ರ ಬಾಕ್ಸ್‌ಗೆ 300ರಿಂದ 600 ವ್ಯಾಟಿನ ಚಾನಲ್ ಸರಿಹೊಂದುತ್ತದೆ. ಸ್ವಿಚ್ ಸ್ಟೀರಿಯೊಗೆ ಹಾಕಿ, ಚಾನಲ್‌ಗೆ ಒಂದೇ ಬಾಕ್ಸ್ ಕೊಟ್ಟರೆ ನಿಮಗೆ 400 ಸಿಗುತ್ತದೆ.

ಇವತ್ತು ಒಂದು ಕೆಲಸ ಮಾಡಿ. ಆಂಪ್ ಆಫ್ ಮಾಡಿ, ವಯರ್ ಬಿಚ್ಚಿ, ಮಲ್ಟಿಮೀಟರ್‌ನಲ್ಲಿ ಬಾಕ್ಸ್ ಅಳೆಯಿರಿ. 8 ಓಮ್ ಬಾಕ್ಸ್ ಮೀಟರ್‌ನಲ್ಲಿ ಸುಮಾರು 5.5ರಿಂದ 6.5 ತೋರಿಸುತ್ತದೆ, ಹೆದರಬೇಡಿ. ಆದರೆ ಹಾರ್ನನ್ನು ಹೊರಗಿನಿಂದ ಅಳೆದರೆ ಗೊತ್ತಾಗುವುದಿಲ್ಲ. ಒಳಗೆ ಸೌಂಡನ್ನು ಬೇಸ್‌ಗೂ ಹಾರ್ನ್‌ಗೂ ಹಂಚುವ ಕ್ರಾಸ್‌ಓವರ್‌ನ ಕೆಪಾಸಿಟರ್ ಅಡ್ಡ ಇರುತ್ತದೆ, ಅದು ಮೀಟರ್‌ನ ಕರೆಂಟ್ ಬಿಡುವುದಿಲ್ಲ. ಹಾರ್ನ್ ಬಿಚ್ಚಿ, ಅದರ ಎರಡು ತುದಿಗೇ ಮೀಟರ್ ಇಡಿ.

ಕೇಳಿದವರು, ಕಾಪು

ಅಣ್ಣ, ಅಳೆದೆ. ಎಡ 5.9, ಬಲ 6.1, ಲಿಂಕ್ ಮಾಡಿದಾಗ 3. ಎಡಗಡೆ ಹಾರ್ನ್ ಬಿಚ್ಚಿದೆ, ಮೀಟರ್ ಅಲ್ಲಾಡಲೇ ಇಲ್ಲ. ಡಯಾಫ್ರಾಮ್ (ಒಳಗೆ ಅದುರುವ ತೆಳು ಪರದೆ) ತೆಗೆದು ನೋಡಿದರೆ ಅದರ ಕಾಯಿಲ್‌ನ ಕೂದಲೆಳೆಯಂಥ ತಂತಿ ಒಂದು ಕಡೆ ಕಪ್ಪಾಗಿ ತುಂಡಾಗಿದೆ. ಸುಟ್ಟ ವಾಸನೆ ಈಗಲೂ ಉಂಟು.

ಆಂಪ್ ಬಂದ್ ಆಗಿ ಉಳಿಯಿತು, ಹಾರ್ನ್ ಯಾಕೆ ಹೋಯಿತು? ಆಂಪ್‌ನ ನಾಬ್ ಅರ್ಧದಲ್ಲೇ ಇತ್ತು. ಜನ ಜಾಸ್ತಿ ಸೌಂಡ್ ಕೇಳಿದರು ಅಂತ ಹಾಡು ಬಿಡುವ ಡಿಜೆ ಕಂಟ್ರೋಲರ್‌ನ ಮಾಸ್ಟರ್ ವಾಲ್ಯೂಮ್ ಮಾತ್ರ ಏರಿಸಿದ್ದೆ. ಕೊನೆಯ ಒಂದು ಗಂಟೆ ಅದರ ಲೈಟ್ ಕೆಂಪಲ್ಲೇ ಇತ್ತು.

ಉಡುಪಿಯಿಂದ

ಹಾರ್ನ್ ಸುಟ್ಟದ್ದು ಆ ಕೆಂಪಿನಲ್ಲೇ. ಬ್ರಿಡ್ಜ್‌ನಿಂದ ಬಾಕ್ಸ್‌ಗೆ ಅಳತೆ ಮೀರಿ ಪವರ್ ಹೋದದ್ದೂ ಸೇರಿದೆ.

ಆಂಪ್‌ನ ನಾಬ್ ಪವರಿಗೆ ಬೇಲಿಯಲ್ಲ. ಒಳಗೆ ಬರುವ ಸಿಗ್ನಲನ್ನು ಎಷ್ಟು ಬಿಡಬೇಕು ಎನ್ನುವುದಷ್ಟೇ ಅದರ ಕೆಲಸ. ಅರ್ಧದಲ್ಲಿಟ್ಟರೂ ಸಿಗ್ನಲ್ ಜೋರಾಗಿದ್ದರೆ ಆಂಪ್ ಪೂರ್ತಿ ಪವರ್ ಕೊಡಬಲ್ಲದು. ಮಾಸ್ಟರ್ ಕೆಂಪಿಗೆ ಹೋದಾಗ ಸಿಗ್ನಲ್ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ, ಇದಕ್ಕೇ ಕ್ಲಿಪ್ ಅನ್ನುವುದು. ಹಾಡಿನಲ್ಲಿ ಇಲ್ಲದ ಎತ್ತರದ ಸ್ವರಗಳು ಹುಟ್ಟಿ ನೇರ ಹಾರ್ನ್‌ಗೆ ಹೋಗುತ್ತವೆ. ಸರಾಸರಿ ಪವರೂ ಏರುತ್ತದೆ. ಆ ಸಣ್ಣ ಕಾಯಿಲ್‌ಗೆ ತಣಿಯಲು ಹೊತ್ತೇ ಸಿಗುವುದಿಲ್ಲ. ಒಮ್ಮೆ ಚಪ್ಪಟೆಯಾದ ಅಲೆಯನ್ನು ಮುಂದೆ ಆಂಪ್‌ನಲ್ಲಿ ತಗ್ಗಿಸಿದರೂ ಅದು ಚಪ್ಪಟೆಯೇ.

ನಾನು ಇದನ್ನು ಕಲಿತದ್ದು ಯಕ್ಷಗಾನ ಆಟಕ್ಕೆ ಮೈಕ್ ಕಟ್ಟುತ್ತಾ. ಚೆಂಡೆಯ ಒಂದು ಪೆಟ್ಟಿಗೆ ಕ್ಲಿಪ್ ಲೈಟ್ ಮಿಂಚಿದರೆ ತೊಂದರೆ ಇಲ್ಲ. ಭಾಗವತರ ಪದದ ಉದ್ದಕ್ಕೂ ಉರಿಯುತ್ತಿದ್ದರೆ ಕೂಡಲೇ ತಗ್ಗಿಸಬೇಕು.

ಸುರತ್ಕಲ್‌ನವರ ಮಾತು ಅರ್ಧ ಸರಿ. ಚಿಕ್ಕ ಆಂಪ್ ಕ್ಲಿಪ್ ಆದರೂ ಹಾರ್ನ್ ಹೋಗುತ್ತದೆ. ಆದರೆ ಮಾಸ್ಟರ್ ಕೆಂಪಲ್ಲಿಟ್ಟರೆ ದೊಡ್ಡ ಆಂಪ್ ಹಾರ್ನನ್ನು ಇನ್ನೂ ಬೇಗ ಸುಡುತ್ತದೆ.

ಹೊಸ ಡಯಾಫ್ರಾಮ್ ಹಾಕಿಸಿ. ಪ್ರತಿ ಹಾಡಿನ ಗೇನ್ (ಸಿಗ್ನಲ್ ಮಟ್ಟ) ಸರಿ ಮಾಡಿಕೊಂಡು, ಮಾಸ್ಟರ್ ಹಸಿರಿನಲ್ಲಿದ್ದು ಆಗೀಗ ಹಳದಿ ಮುಟ್ಟುವಂತೆ ಇಡಿ. ಆಮೇಲೆ ಆಂಪ್‌ನ ನಾಬ್ ನಿಧಾನ ಏರಿಸಿ. ಕಿಕ್ ಡ್ರಮ್‌ನ ಪೆಟ್ಟು ಬಿದ್ದಾಗ ಆಂಪ್‌ನ ಕ್ಲಿಪ್ ಲೈಟ್ ಮಿಂಚಲು ಶುರುವಾದರೆ ಸ್ವಲ್ಪ ಹಿಂದೆ ತನ್ನಿ. ಆ ಜಾಗಕ್ಕೆ ಒಂದು ಟೇಪ್ ಅಂಟಿಸಿ. ಬೇಸ್ ಸುಮ್ನೆ ಏರಿಸಬೇಡಿ. 6 ಡೆಸಿಬಲ್ ಏರಿಸಿದರೆ ಅಲ್ಲಿಗೆ ನಾಲ್ಕು ಪಟ್ಟು ಪವರ್ ಬೇಕು.

ಕೇಳಿದವರು, ಕಾಪು

ಆದರೆ 400ಕ್ಕೆ ಇಳಿದರೆ ಸೌಂಡ್ ತುಂಬಾ ಕಡಿಮೆ ಆಗುವುದಿಲ್ವಾ? ಅಂಗಳ ದೊಡ್ಡದು.

ಉಡುಪಿಯಿಂದ

ವ್ಯಾಟ್ ಎರಡು ಪಟ್ಟು ಮಾಡಿದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಸ್ವಲ್ಪ ಗೊತ್ತಾಗುತ್ತದೆ, ಅಷ್ಟೇ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಬಾಕ್ಸನ್ನು ಕುಣಿಯುವವರ ಹತ್ತಿರ ತನ್ನಿ, ಸ್ಟ್ಯಾಂಡ್ ಮೇಲೆ ಹಾರ್ನ್ ತಲೆಗಿಂತ ಎತ್ತರದಲ್ಲಿರಲಿ. ನೆಲದಲ್ಲಿಟ್ಟರೆ ಹಾರ್ನ್ ಸೌಂಡ್ ಮುಂದಿನ ಸಾಲಿನವರ ಮೈಗೇ ಬಡಿದು ನಿಲ್ಲುತ್ತದೆ.

ಮುಂದೆ ಬೇಕಾದರೆ ಇಂಥದ್ದೇ 8 ಓಮ್ ಬಾಕ್ಸ್ ಇನ್ನೆರಡು ಸೇರಿಸಿ. ಚಾನಲ್‌ಗೆ ಎರಡು ಬಾಕ್ಸ್, 4 ಓಮ್, 650 ವ್ಯಾಟ್. ಒಂದೊಂದಕ್ಕೆ 325 ಬರುತ್ತದೆ. ಸ್ಪೀಕರ್ ವಯರ್ 2.5 ಸ್ಕ್ವೇರ್ ಎಂಎಂ ತಾಮ್ರದ್ದೇ ಇರಲಿ. ಮತ್ತೆ ರಾತ್ರಿ 10 ಗಂಟೆಗೆ ಬಂದ್ ಮಾಡಿ, ಅದು ಕಾನೂನು.

ಕೇಳಿದವರು, ಕಾಪು

ಮೆಹಂದಿ ಮುಗಿಯಿತು ಅಣ್ಣ. ಮೂರೂವರೆ ಗಂಟೆ ಓಡಿತು, ಪ್ರೊಟೆಕ್ಟ್ ಲೈಟ್ ಒಮ್ಮೆಯೂ ಬರಲಿಲ್ಲ. ಆಂಪ್ ಮೇಲೆ ಕೈ ಇಟ್ಟರೆ ಬರೀ ಬೆಚ್ಚಗೆ. ಹಿಂದೆ ಊಟಕ್ಕೆ ಕೂತವರಿಗೂ ಹಾಡಿನ ಮಾತು ಸರಿಯಾಗಿ ಕೇಳಿತಂತೆ.

ಈಗ ಕುಂದಾಪುರದಲ್ಲಿ ಎರಡು ಹಳೆಯ ಬಾಕ್ಸ್ ಸಿಗುತ್ತಿವೆ. ಸ್ಟಿಕ್ಕರ್ ಇಲ್ಲ. ಮೀಟರ್ ತೆಗೆದುಕೊಂಡು ಹೋಗಿದ್ದೆ, 3.2 ತೋರಿಸಿತು.

ಉಡುಪಿಯಿಂದ

ಅದು 4 ಓಮ್‌ನದು. ನಿಮ್ಮ 8ರ ಜೊತೆ ಲಿಂಕ್ ಮಾಡಿದರೆ ಸುಮಾರು 2.7 ಓಮ್ ಆಗುತ್ತದೆ, ಆಂಪ್ ಪುನಃ ನಿಲ್ಲುತ್ತದೆ. ಬಿಟ್ಟುಬಿಡಿ, 6ರ ಹತ್ತಿರ ತೋರಿಸುವ ಜೋಡಿ ಸಿಗುವವರೆಗೆ ಕಾಯಿರಿ.